ಏನನ್ನೂ ಹೊರದ ಕಂಬ

ನಮ್ಮ ಕಥಾನಾಯಕರನ್ನು ಆ ಬೀದಿಯಲ್ಲಿ ಎಲ್ಲರೂ ಕಾರ್ಯದರ್ಶಿಗಳು ಎಂದೇ ಕರೆಯುತ್ತಿದ್ದರು. ಕೇಳಿದವರು ಯಾವುದೋ ದೊಡ್ಡ ಸಂಸ್ಥೆಯ ಕಾರ್ಯದರ್ಶಿ ಇರಬೇಕು ಎಂದುಕೊಳ್ಳಲಿ ಎಂಬ ಆಸೆ ಅವರಿಗೂ ಒಳಗೊಳಗೇ ಇತ್ತು. ನಿಜ ಹೇಳಬೇಕೆಂದರೆ ಅವರು ತಾವು ವಾಸವಾಗಿದ್ದ ಮೂರಂತಸ್ತಿನ ಕಟ್ಟಡದ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಬೆಳಿಗ್ಗೆ ನೀರಿನ ಪಂಪು ಹಾಕುವುದು, ಟ್ಯಾಂಕು ತುಂಬಿ ಹರಿಯುತ್ತಿದೆ ಎಂದು ಯಾರಾದರೂ ಕೂಗಿದಾಗ ಓಡಿಹೋಗಿ ಆರಿಸುವುದು, ಇವೆರಡೇ ಆ ಹುದ್ದೆಯ ಜವಾಬ್ದಾರಿಗಳು. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಯ ಕಿವಿಗೆ ಒಪ್ಪುವಂತೆ ಫ್ರೇಮಿನ ಕಡ್ಡಿ ಬಗ್ಗಿಸುವುದರಲ್ಲಿ, ಸಾಸಿವೆಯಷ್ಟು ತಿರುಪುಗಳನ್ನು ಬಿಗಿಸುವುದರಲ್ಲಿ ಅವರದು ಪಳಗಿದ ಕೈ. ಊರವರ ದೃಷ್ಟಿದೋಷ ಸರಿಪಡಿಸುವ ಮನುಷ್ಯನಿಗೆ ತನ್ನ ದೋಷ ಮಾತ್ರ ಕಾಣಲಿಲ್ಲ ಎಂದು ಆಮೇಲೆ ಬಹಳ ಜನ ಹೇಳಿದರು. ಹೇಳುವವರಿಗೇನು, ಎಲ್ಲ ಮುಗಿದ ಮೇಲೆ ಹೇಳುತ್ತಾರೆ.

ಆ ಬೀದಿ ಪಟ್ಟಣದ ನಡುಮಧ್ಯದ್ದು. ಕಾರ್ಯದರ್ಶಿಗಳ ಕಟ್ಟಡದ ಪಕ್ಕದಲ್ಲೇ ಕಲ್ಲಿನ ಕಮಾನುಗಳ ಒಂದು ಹಳೆಯ ಕಟ್ಟಡ. ಹಿಂದೆ ಅದು ಶಾಲೆಯಾಗಿತ್ತು. ಈಗ ಶಾಲೆ ಬೇರೆಡೆಗೆ ಹೋಗಿ, ಅಲ್ಲಿ ಆಗೀಗ ಚಿತ್ರಪ್ರದರ್ಶನಗಳು ನಡೆಯುತ್ತವೆ. ಎದುರಿಗೆ ಒಂದು ಬ್ಯಾಂಕಿನ ಹೊಸ ಕಟ್ಟಡ, ಅಡಿಯಿಂದ ಮುಡಿಯವರೆಗೆ ಗಾಜು. ಕಾರ್ಯದರ್ಶಿಗಳ ಕಟ್ಟಡವೋ, ಹಳೆಯದು ಅನ್ನುವಷ್ಟು ಹಳೆಯದಲ್ಲ, ಹೊಸದು ಅನ್ನುವ ಹಾಗಂತೂ ಇಲ್ಲವೇ ಇಲ್ಲ. ಬಣ್ಣ ಯಾವುದೆಂದು ಕೇಳಿದರೆ ಅಲ್ಲಿ ವಾಸವಾಗಿರುವವರೇ ಒಮ್ಮೆ ಹೊರಗೆ ಬಂದು ನೋಡಿ ಹೇಳಬೇಕಾಗಿತ್ತು.

ಪ್ರತಿ ಭಾನುವಾರ ಬೆಳಿಗ್ಗೆ ಆ ಬೀದಿಗೆ ಕಟ್ಟಡ ನೋಡುವವರ ಗುಂಪೊಂದು ಬರುತ್ತಿತ್ತು. ಎಲ್ಲರ ತಲೆಯ ಮೇಲೂ ಟೋಪಿ, ಕೈಯಲ್ಲಿ ನೀರಿನ ಬಾಟಲಿ. ಮುಂದೆ ಒಬ್ಬ ಗೈಡು, ಸೊಂಟಕ್ಕೊಂದು ಪುಟ್ಟ ಧ್ವನಿವರ್ಧಕ ಕಟ್ಟಿಕೊಂಡವನು. ಗುಂಪು ಶಾಲೆಯ ಮುಂದೆ ನಿಂತು ಕಮಾನುಗಳ ಫೋಟೊ ತೆಗೆಯುತ್ತಿತ್ತು. ತಿರುಗಿ ಗಾಜಿನ ಬ್ಯಾಂಕಿನ ಫೋಟೊ ತೆಗೆಯುತ್ತಿತ್ತು. ಕಾರ್ಯದರ್ಶಿಗಳ ಕಟ್ಟಡದ ಮುಂದೆ ಬಂದಾಗ ಎಲ್ಲರೂ ನೀರು ಕುಡಿಯುತ್ತಿದ್ದರು. ಇಡೀ ಬೀದಿಯ ಚರಿತ್ರೆಯಲ್ಲಿ ಆ ಕಟ್ಟಡಕ್ಕಿದ್ದ ಸ್ಥಾನ ಅದೊಂದೇ, ನೀರು ಕುಡಿಯುವ ಜಾಗ. ಗೇಟಿಗೆ ಒರಗಿ ಪತ್ರಿಕೆ ಓದುವಂತೆ ನಟಿಸುತ್ತಿದ್ದ ಕಾರ್ಯದರ್ಶಿಗಳಿಗೆ ಇದು ವರ್ಷಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಅಂಥದೇ ಒಂದು ಭಾನುವಾರ ಗುಂಪಿನ ಹೆಂಗಸೊಬ್ಬರು ನೀರು ಕುಡಿದು, ಬಾಟಲಿಯ ಮುಚ್ಚಳ ತಿರುಗಿಸುತ್ತ, ಸುಮ್ಮನೆ ಸೌಜನ್ಯಕ್ಕೆ ಕೇಳಿದರು. "ಇದೂ ಹಳೇ ಕಟ್ಟಡಾನಾ?"

"ಅಲ್ಲ" ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಒಬ್ಬರು ಕೇಳಿದಾಗ ಬರಿಗೈಯಲ್ಲಿ ಹೇಗೆ ಕಳಿಸುವುದು?

"ಕಟ್ಟಡ ಅಲ್ಲ" ಎಂದರು ಕಾರ್ಯದರ್ಶಿಗಳು, ಗುಟ್ಟು ಹೇಳುವವರಂತೆ. "ಒಳಗೆ ಒಂದು ಕಂಬ ಇದೆ. ಅದು ಹಳೇದು."

"ಎಷ್ಟು ಹಳೇದು?"

"ಕಂಬ ಮೊದಲಿಂದಲೂ ಇತ್ತು. ಕಟ್ಟಡ ಆಮೇಲೆ ಅದರ ಸುತ್ತ ಬಂತು."

"ಯಾವುದರ ಕಂಬ ಅದು?"

ಕಾರ್ಯದರ್ಶಿಗಳು ಆಕಾಶ ನೋಡಿದರು. ಆಕಾಶದಲ್ಲಿ ಏನೂ ಸಿಗಲಿಲ್ಲ. ಬಾಯಿ ತಾನಾಗಿಯೇ "ಕಾವಲು ಗೋಪುರದ್ದು" ಎಂದಿತು.

ಇಡೀ ಗುಂಪು ತಿರುಗಿತು. ಗೈಡನ ಮುಖ ಕಪ್ಪಿಟ್ಟಿತು. ಅಷ್ಟು ವರ್ಷ ಆ ಬೀದಿ ಸವೆಸಿದವನು, ಅದರ ಕಲ್ಲುಕಲ್ಲಿನ ಜಾತಕ ಬಲ್ಲವನು. ಅವನು "ನನಗೆ ಗೊತ್ತಿರಲಿಲ್ಲ" ಎಂದಿದ್ದರೂ ಕಥೆ ಮುಗಿಯುತ್ತಿತ್ತು. ಆದರೆ ಧ್ವನಿವರ್ಧಕ ಕಟ್ಟಿಕೊಂಡ ಮನುಷ್ಯ ಹಾಗೆ ಹೇಳುವುದುಂಟೇ? ಅವನು ಗಂಟಲು ಸರಿಮಾಡಿಕೊಂಡ.

"ನಾನು ಅದನ್ನೇ ಹೇಳೋಣ ಅಂತ ಬರ್ತಿದ್ದೆ" ಎಂದ. "ಬನ್ನಿ, ಎಲ್ಲರೂ ಒಳಗೆ ಬನ್ನಿ."

ಒಳಗೆ ಮೆಟ್ಟಿಲ ಪಕ್ಕದ ಮೂಲೆಯಲ್ಲಿ, ಕರೆಂಟಿನ ಮೀಟರುಗಳ ಕೆಳಗೆ, ಯಾರದೋ ಸೈಕಲ್ಲಿಗೆ ಆಸರೆಯಾಗಿ, ದಪ್ಪನೆಯ ಒಂದು ದುಂಡು ಕಂಬ ನಿಂತಿತ್ತು. ಗುಂಪು ಅದನ್ನು ಸುತ್ತುವರಿಯಿತು. ಒಬ್ಬರು ಕಂಬಕ್ಕೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದರು.

"ಮೇಲೆ ನೋಡಿ, ಛಾವಣಿಗೆ ಮುಟ್ಟಿಲ್ಲ" ಎಂದ ಗೈಡು. "ಯಾಕೆ ಹೇಳಿ? ಮೇಲಿನ ಭಾಗ ಯುದ್ಧದಲ್ಲಿ ಬಿದ್ದುಹೋಯ್ತು."

"ಯಾವ ಯುದ್ಧದಲ್ಲಿ?" ಎಂದು ಕೇಳಿದವರು ಕಾರ್ಯದರ್ಶಿಗಳೇ. ಅವರಿಗೆ ನಿಜವಾಗಿಯೂ ಕುತೂಹಲವಾಗಿತ್ತು.

"ಇಲ್ಲಿ ಯುದ್ಧಗಳಿಗೇನು ಕಮ್ಮಿ" ಎಂದ ಗೈಡು, ಅವರ ಮುಖ ನೋಡದೆ.

ಈಗ ಕಂಬದ ನಿಜಸ್ಥಿತಿಯನ್ನು ಹೇಳಿಬಿಡಬೇಕು. ಮೇಲಿನ ಅಂತಸ್ತಿನಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ ಇದ್ದರು. ಬೀದಿಗೆಲ್ಲ ಅವರು ಟೀಚರ್. ಕಟ್ಟಡ ಮುಗಿದ ದಿನದಿಂದ ಅಲ್ಲೇ ಇದ್ದವರು ಅವರೊಬ್ಬರೇ, ಉಳಿದವರೆಲ್ಲ ಆಮೇಲೆ ಬಂದವರು. ಅವರು ಒಮ್ಮೆ ನಗುತ್ತ ಕಾರ್ಯದರ್ಶಿಗಳಿಗೆ ಹೇಳಿದ್ದರು. "ಕಂಟ್ರಾಕ್ಟರ್ ಹತ್ರ ಒಂದು ಚರಂಡಿ ಪೈಪು ಉಳಿದಿತ್ತಪ್ಪ. ಸಾಗಿಸೋಕೆ ಸೋಮಾರಿತನ. ನಾನು ಬಂದ ಮೇಲೆ, ನನ್ನ ಕಣ್ಣೆದುರೇ ಮೂಲೇಲಿ ನಿಲ್ಲಿಸಿ ಮೇಲೊಂದು ಕೈ ಗಾರೆ ಮೆತ್ತಿದ. ಯಾಕಯ್ಯಾ ಅಂದ್ರೆ, ನೋಡೋಕೆ ಭಾರಿಯಾಗಿದೆ ಅಲ್ವಾ ಅಮ್ಮ, ಅಂದ."

ಆ ಟೀಚರಿಗೆ ಮಂಡಿ ಹೋಗಿತ್ತು. ಮೆಟ್ಟಿಲಿಳಿದು ಬೀದಿ ಕಂಡು ವರ್ಷಗಳೇ ಆಗಿದ್ದವು. ಕಾರ್ಯದರ್ಶಿಗಳು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವರಿಗೆ ತರಕಾರಿ, ಹಾಲು ತಲುಪಿಸುತ್ತಿದ್ದರು. ಅದು ಯಾರೂ ಹೇಳದೆ ಅವರೇ ಹಚ್ಚಿಕೊಂಡ ಕೆಲಸ, ಅವರ ಬಗ್ಗೆ ಹೇಳಬಹುದಾದ ಒಂದು ಒಳ್ಳೆಯ ಮಾತು. ಪಕ್ಕದ ಕಮಾನಿನ ಶಾಲೆಯಲ್ಲಿ ಟೀಚರ್ ಜೀವಮಾನವೆಲ್ಲ ಪಾಠ ಹೇಳಿದ್ದರು. ಈಗ ಅವರ ಕಿಟಕಿಯಿಂದ ಆ ಶಾಲೆ ನೇರವಾಗಿ ಕಾಣುತ್ತಿರಲಿಲ್ಲ. ಎದುರಿನ ಬ್ಯಾಂಕಿನ ಗಾಜಿನಲ್ಲಿ ಅದರ ಪ್ರತಿಬಿಂಬ ಕಾಣುತ್ತಿತ್ತು. ಅದನ್ನು ನೋಡುತ್ತ ಕೂರುತ್ತಿದ್ದರು.

ಅವರಿಗಾಗಿಯೇ ಸಂಘದವರೆಲ್ಲ ಸೇರಿ ಲಿಫ್ಟು ಹಾಕಿಸುವುದೆಂದು ನಿಶ್ಚಯವಾಗಿತ್ತು. ಲಿಫ್ಟಿನವನು ಬಂದು ಅಳತೆ ಹಿಡಿದು, ಕಂಬಕ್ಕೆ ಬೆರಳಿನಿಂದ ತಟ್ಟಿ, "ಜಾಗ ಇರೋದು ಇದೊಂದೇ ಮೂಲೇಲಿ. ಈ ಕಂಬ ಏನನ್ನೂ ಹೊತ್ತಿಲ್ಲ, ತೆಗೆದುಬಿಡೋಣ" ಎಂದು ಹೇಳಿ ಹೋಗಿದ್ದ. ಇದೆಲ್ಲ ಗೊತ್ತಿದ್ದೂ ಕಾರ್ಯದರ್ಶಿಗಳು ಅದೇ ಕಂಬವನ್ನು ಆರಿಸಿದರೇ ಎಂದು ನೀವು ಕೇಳಬಹುದು. ಏನು ಮಾಡುವುದು, ಆ ಕಟ್ಟಡದಲ್ಲಿ ತೋರಿಸಲು ಬೇರೆ ಏನೂ ಇರಲಿಲ್ಲ.

ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ನೆಲಮಹಡಿಯ ಟೈಲರ್ ಮೊದಲು ಓಡಿಬಂದ, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

"ಅದಕ್ಕೇ ಕಾರ್ಯದರ್ಶಿಗಳೇ, ಅದು ಏನನ್ನೂ ಹೊತ್ತಿಲ್ಲ ಅಂದಿದ್ದು ಲಿಫ್ಟಿನವನು. ಹೇಗೆ ಹೊರುತ್ತೆ? ಈ ಕಟ್ಟಡಕ್ಕೂ ಅದಕ್ಕೂ ಸಂಬಂಧವೇ ಇಲ್ವಲ್ಲ. ನಾವು ದಡ್ಡರು, ಹೊಳೀಲೇ ಇಲ್ಲ ನೋಡಿ."

ಮರುದಿನವೇ ಟೈಲರನ ಅಂಗಡಿಗೆ "ಗೋಪುರ ಟೈಲರ್ಸ್" ಎಂಬ ಹೊಸ ಫಲಕ ಬಂತು. ಕಂಬ ನೋಡಲು ಬಂದವರು ಪ್ಯಾಂಟಿನ ಅಂಚು ಹೊಲಿಸಿಕೊಂಡು ಹೋಗತೊಡಗಿದರು. ಕನ್ನಡಕದ ಅಂಗಡಿಯ ಮಾಲೀಕರು ಕಾರ್ಯದರ್ಶಿಗಳನ್ನು ಹಿಂದಿನ ಮೇಜಿನಿಂದ ಎಬ್ಬಿಸಿ ಮುಂದಿನ ಕೌಂಟರಿನಲ್ಲಿ ಕೂರಿಸಿದರು. ಗಿರಾಕಿಗಳಿಗೆ, "ಇವರೇ ಕಂಬ ಕಂಡುಹಿಡಿದವರು. ಕಣ್ಣು ಅಂದ್ರೆ ಇವರದು" ಎಂದು ಪರಿಚಯ ಮಾಡಿಕೊಟ್ಟರು. ಎದುರಿನ ಗಾಜಿನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಡತಿಯ ತಮ್ಮ, ಇಷ್ಟು ದಿನ ಬೀದಿ ದಾಟಿ ಬರಲು ಪುರುಸೊತ್ತಿಲ್ಲದವನು, ಸಂಜೆಯೇ ಬಂದು ಸೋಫಾದಲ್ಲಿ ಕಾಲು ಚಾಚಿ ಕುಳಿತ.

"ಭಾವ, ನಮ್ಮ ಮ್ಯಾನೇಜರಿಗೆ ಹೇಳಿದೆ. ಅವರ ಅಣ್ಣ ಪುರಾತನ ಕಟ್ಟಡಗಳ ಇಲಾಖೇಲಿ ಅಧಿಕಾರಿ. ನಾಳೆ ಬಂದು ನೋಡ್ತಾರಂತೆ."

ಕಾರ್ಯದರ್ಶಿಗಳು ಕಾಫಿ ಕೆಳಗಿಟ್ಟರು. "ಅವರಿಗೆ ಯಾಕೆ ತೊಂದರೆ?"

"ನೀವೊಬ್ಬರು, ಯಾವಾಗಲೂ ಹೀಗೇ ಸಂಕೋಚ" ಎಂದಳು ಹೆಂಡತಿ, ತಮ್ಮನ ಮುಂದೆ ಗಂಡನನ್ನು ಹೊಗಳುವ ಅವಕಾಶ ಮದುವೆಯಾದಾಗಿನಿಂದ ಮೊದಲ ಬಾರಿಗೆ ಸಿಕ್ಕಿದ್ದ ಸಡಗರದಲ್ಲಿ.

ಅಧಿಕಾರಿ ಬಂದರು. ಭೂತಗನ್ನಡಿ ಹಿಡಿದು ಕಂಬದ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಸೈಕಲ್ಲನ್ನು ಎರಡು ಬೆರಳಿನಿಂದ ಹಿಡಿದು ಪಕ್ಕಕ್ಕೆ ಸರಿಸಲು ಹೇಳಿದರು. ಅವರು "ಇದೇನ್ರೀ ಇದು, ಗಾರೆ" ಎಂದುಬಿಡುತ್ತಾರೆ, ಎಲ್ಲರೂ ನಕ್ಕುಬಿಡುತ್ತಾರೆ, ತಾನೂ ನಕ್ಕುಬಿಡಬಹುದು ಎಂದು ಕಾರ್ಯದರ್ಶಿಗಳು ಕಾಯುತ್ತಿದ್ದರು. ಆದರೆ ಅಷ್ಟು ಹೊತ್ತಿಗೆ ಅಲ್ಲಿ ಗೈಡು ಇದ್ದ, ಪತ್ರಿಕೆಯವರಿದ್ದರು, ಇಡೀ ಬೀದಿ ನೆರೆದಿತ್ತು. ಇಲಾಖೆಗೆ ಕಾಣದ್ದು ಬೀದಿಗೆ ಕಂಡಿತು ಎಂದಾದರೆ ಇಲಾಖೆಯ ಮರ್ಯಾದೆ ಏನಾಗಬೇಕು?

"ನಮಗೆ ಮೊದಲಿಂದಲೂ ಗುಮಾನಿ ಇತ್ತು" ಎಂದರು ಅಧಿಕಾರಿ. "ಇನ್ನು ಇದು ರಕ್ಷಿತ ಸ್ಮಾರಕ. ಮೊಳೆ ಹೊಡೆಯೋ ಹಾಗಿಲ್ಲ, ಬಣ್ಣ ಬಳಿಯೋ ಹಾಗಿಲ್ಲ, ಕೆರೆಯೋ ಹಾಗಿಲ್ಲ. ಅಧಿಕೃತ ಫಲಕ ಹಾಕ್ತೀವಿ. ಒಂದು ಸಣ್ಣ ಸಮಾರಂಭ."

"ಮತ್ತೆ ಲಿಫ್ಟು?" ಎಂದರು ಕಾರ್ಯದರ್ಶಿಗಳು.

"ಯಾವ ಲಿಫ್ಟು?"

"ಇಲ್ಲಿ ಬರಬೇಕಾಗಿತ್ತು. ಇದೇ ಮೂಲೇಲಿ."

ಅಧಿಕಾರಿ ನಕ್ಕರು, ಮಕ್ಕಳ ಮಾತು ಕೇಳಿದವರಂತೆ. "ಇನ್ನು ಆ ಮಾತೇ ಇಲ್ಲ."

ಜನ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಗಳು ಮೆಟ್ಟಿಲ ಕಡೆ, ಟೀಚರ ಮನೆಯ ಕಡೆ, ತಲೆ ಎತ್ತಿ ನೋಡಿದರು.

ಮರುದಿನ ತರಕಾರಿ ಚೀಲ ಹಿಡಿದು ಮೇಲೆ ಹೋದಾಗ ಟೀಚರ್ ಕಿಟಕಿಯ ಹತ್ತಿರ ಕುಳಿತಿದ್ದರು.

"ಏನಪ್ಪ ಕಾರ್ಯದರ್ಶಿ, ಕೆಳಗೆ ನಿನ್ನೆ ಭಾರಿ ಗದ್ದಲ? ಲಿಫ್ಟಿನವರು ಬಂದಿದ್ರಾ?"

"ಹೌದು ಟೀಚರ್" ಎಂದುಬಿಟ್ಟರು ಕಾರ್ಯದರ್ಶಿಗಳು. ಮೊದಲ ಸುಳ್ಳು ದಾರಿಹೋಕರಿಗೆ ಹೇಳಿದ್ದು. ಇದು ಟೀಚರಿಗೆ. ಹೇಳಿದ ಕ್ಷಣವೇ ಕಿವಿ ಬಿಸಿಯಾಯಿತು.

"ಬರಲಿ ಬರಲಿ. ಲಿಫ್ಟು ಬಂದ ದಿನ ನಾನು ಬೇರೆಲ್ಲೂ ಹೋಗಲ್ಲ. ನೆಟ್ಟಗೆ ನಮ್ಮ ಶಾಲೆಗೆ ಹೋಗಿ ಆ ಕಮಾನಿನ ಕೆಳಗೆ ಸ್ವಲ್ಪ ಹೊತ್ತು ನಿಲ್ತೀನಿ. ಈ ಗಾಜಿನಲ್ಲಿ ನೋಡಿ ನೋಡಿ ಸಾಕಾಗಿದೆ. ಎಡಗಡೆ ಇರೋದು ಬಲಗಡೆ ಕಾಣುತ್ತೆ, ನನ್ನ ತರಗತಿ ಯಾವುದು ಅಂತಲೇ ಮರೆತುಹೋಗ್ತಿದೆ."

ಕಾರ್ಯದರ್ಶಿಗಳು ಚೀಲ ಇಟ್ಟು, ಪಂಪು ಹಾಕಿ ಬಂದಿದ್ದೇನೆ ಎಂದು ಹೇಳಿ ಓಡಿದರು. ಅಂದು ಪಂಪು ಹಾಕಿರಲಿಲ್ಲ. ಅದು ಮೂರನೆಯ ಸುಳ್ಳು.

ಮೊದಲು ಹೆಂಡತಿಗೆ ತಪ್ಪೊಪ್ಪಿಕೊಂಡರು. ಅವಳು ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಚರಂಡಿ ಪೈಪಾ?"

"ಚರಂಡಿ ಪೈಪು."

"ರೀ, ನನ್ನ ತಮ್ಮ ಬ್ಯಾಂಕಿನವರಿಗೆಲ್ಲ ಹೇಳಿದಾನೆ. ನಾನು ನಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದೀನಿ. ಚಿಕ್ಕಮ್ಮನಿಗೆ ಹೇಳೋದೂ ಒಂದೇ, ಊರಿಗೆಲ್ಲ ಡಂಗುರ ಹೊಡೆಯೋದೂ ಒಂದೇ. ಈಗ ಬಂದು ಪೈಪು ಅಂತೀರಲ್ಲ. ದಯವಿಟ್ಟು ಬಾಯಿ ಮುಚ್ಕೊಂಡಿರಿ."

"ಟೀಚರ್ ಗತಿ?"

ಅವಳು ಮಡಿಸಿದ ಅಂಗಿಯನ್ನೇ ಮತ್ತೆ ಬಿಡಿಸಿ ಮಡಿಸಿದಳು.

ಆಮೇಲೆ ಅಂಗಡಿಗೆ ರಜೆ ಹಾಕಿ ಇಲಾಖೆಯ ಕಚೇರಿಗೆ ಹೋದರು. ಅಧಿಕಾರಿ ಎದ್ದುನಿಂತು ಕುರ್ಚಿ ಕೊಟ್ಟರು. ಕಾರ್ಯದರ್ಶಿಗಳು ಕೂರದೆ, ನಿಂತೇ, ಉಸಿರು ಬಿಡದೆ ಎಲ್ಲವನ್ನೂ ಹೇಳಿದರು. ಪೈಪು, ಕಂಟ್ರಾಕ್ಟರು, ಗಾರೆ, ತಮ್ಮ ನಾಲಿಗೆ. ಅಧಿಕಾರಿ ಕನಿಕರದಿಂದ ಕೇಳಿದರು.

"ಎಲ್ಲ ಮಾಲೀಕರೂ ಹೀಗೇ ಹೇಳ್ತಾರೆ" ಎಂದರು ಕೊನೆಗೆ. "ಸ್ಮಾರಕ ಅಂದ ಕೂಡಲೇ, ಅಯ್ಯೋ ಇದು ಹಳೇದಲ್ಲ, ನಮ್ಮ ಅಜ್ಜ ಮೊನ್ನೆ ಕಟ್ಟಿಸಿದ್ದು, ಅಂತ ಬರ್ತಾರೆ. ಲಿಫ್ಟಿನ ಕಂಪನಿಯವರು ಬಂದಿದ್ರಾ ಮನೆಗೆ?"

"ಇಲ್ಲ ಸಾರ್. ಒಂದು ಚೂರು ಗಾರೆ ಕೆರೆದು ನೋಡಿ, ನಿಮಗೇ ಗೊತ್ತಾಗುತ್ತೆ."

"ಕೆರೆಯೋ ಹಾಗಿಲ್ಲ. ಸ್ಮಾರಕ."

"ಸ್ಮಾರಕ ಅಲ್ಲ ಅಂತ ತೋರಿಸೋಕೇ ಕೆರೆಯೋದು ಸಾರ್."

"ಅಲ್ಲ ಅಂತ ಗೊತ್ತಾದರೆ ಧಾರಾಳವಾಗಿ ಕೆರೆಯಬಹುದು. ಗೊತ್ತಾಗೋ ತನಕ ಕೆರೆದರೆ ಅಪರಾಧ."

ಕಾರ್ಯದರ್ಶಿಗಳು ಈ ಮಾತನ್ನು ಮನಸ್ಸಿನಲ್ಲೇ ಎತ್ತಲಿಂದ ತಿರುಗಿಸಿ ನೋಡಿದರೂ ಒಳಗೆ ಹೋಗುವ ಬಾಗಿಲು ಕಾಣಲಿಲ್ಲ. ಅಧಿಕಾರಿ ಅವರ ಬೆನ್ನು ತಟ್ಟಿ, "ಸಮಾರಂಭದಲ್ಲಿ ನಿಮ್ಮದೇ ಸ್ವಾಗತ ಭಾಷಣ" ಎಂದು ಹೇಳಿ ಕಳಿಸಿದರು.

ಅವರು ಕಚೇರಿಗೆ ಹೋಗಿಬಂದ ಸುದ್ದಿ ಅವರಿಗಿಂತ ಮುಂಚೆ ಬೀದಿಗೆ ಬಂದಿತ್ತು. ಟೈಲರ್ ಅಂಗಡಿಯ ಬಾಗಿಲಲ್ಲೇ ಅಡ್ಡಗಟ್ಟಿದ.

"ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ ಕಾರ್ಯದರ್ಶಿಗಳೇ. ಲಿಫ್ಟಿನವರಿಗೆ ನಿಮ್ಮನ್ನ ಮಾರಿಕೊಂಡ್ರಂತೆ."

"ಅಯ್ಯೋ ಮಾರಾಯ, ಅದು ಚರಂಡಿ ಪೈಪು."

"ಚರಿತ್ರೆಗೆ ಚರಂಡಿ ಅಂತೀರಲ್ರೀ" ಎಂದ ಟೈಲರ್. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಅವನ ಹೊಸ ಫಲಕದ ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ.

ಹೀಗೆ ಸುಳ್ಳು ಹೇಳಿದಾಗ ಊರೆಲ್ಲ ನಂಬಿತು, ನಿಜ ಹೇಳಿದಾಗ ಕಳ್ಳನನ್ನು ನೋಡುವ ಹಾಗೆ ನೋಡಿತು. ಕಾರ್ಯದರ್ಶಿಗಳು ಅಂಗಡಿಯಲ್ಲಿ ಕೂತರೆ ಗಿರಾಕಿಯ ಮೂಗಿಗೆ ಬದಲು ಕಿವಿಗೆ ಫ್ರೇಮು ಹಿಡಿಯುವಂತಾದರು. ನಾಚಿಕೆಯಿಂದ ತಲೆ ತಗ್ಗಿಸಿ ನಡೆದರೆ ಜನ ವಿನಯ ಅಂದರು. ಮೆಟ್ಟಿಲ ಹತ್ತಿರ ಬಂದಾಗ ಕಂಬದ ಕಡೆ ಮುಖ ಹಾಕದೆ ಗೋಡೆ ಸವರಿಕೊಂಡು ಹತ್ತಿದರೆ ಭಕ್ತಿ ಅಂದರು.

ಟೀಚರಿಗೆ ವಿಷಯ ತಿಳಿಸಿದವನು ಭಾಮೈದ. ಕಟ್ಟಡದ ಅತಿ ಹಿರಿಯ ನಿವಾಸಿಯನ್ನು ಸಮಾರಂಭಕ್ಕೆ ಕರೆಯಬೇಕಲ್ಲ ಎಂದು ತಾನೇ ಮೇಲೆ ಹೋಗಿ, ಎಲ್ಲ ಹೇಳಿ, ಆಹ್ವಾನ ಕೊಟ್ಟು ಬಂದ. "ಬರ್ತಾರಂತೆ ಭಾವ. ಕುರ್ಚಿ ಸಮೇತ ಹೊತ್ತು ತರೋಣ. ಕಂಬದ ಬಗ್ಗೆ ನಾಲ್ಕು ಮಾತು ಅವರೂ ಆಡ್ತಾರೆ."

"ಏನಂದ್ರು?"

"ಬರ್ತೀನಿ ಅಂದ್ರು, ಅಷ್ಟೇ. ಆಮೇಲೆ ಕಿಟಕಿ ಕಡೆ ತಿರುಗಿದ್ರು."

ಕಾರ್ಯದರ್ಶಿಗಳಿಗೆ ಅನ್ನ ಸೇರದಾಯಿತು. ಆದರೂ ಒಂದು ಸಮಾಧಾನವಿತ್ತು. ಟೀಚರ್ ಬಂದೇ ಬರುತ್ತಾರೆ, ಎಲ್ಲರ ಮುಂದೆ ನಿಜ ಹೇಳುತ್ತಾರೆ, ತನ್ನ ಮಾನ ಬೀದಿಪಾಲಾಗುತ್ತದೆ, ಲಿಫ್ಟು ಉಳಿಯುತ್ತದೆ. ಮಾನ ಹೋಗುವುದಕ್ಕೆ ಇಷ್ಟು ಆಸೆಯಿಂದ ಕಾದ ಮನುಷ್ಯ ಆ ಬೀದಿಯಲ್ಲಿ ಹಿಂದೆಂದೂ ಇರಲಿಲ್ಲ.

ಸಮಾರಂಭದ ದಿನ ಮೀಟರುಗಳಿಗೆ ಪರದೆ ಕಟ್ಟಿದ್ದರು. ಕಂಬದ ಪಕ್ಕ ಗೋಡೆಯ ಮೇಲೆ ಬಟ್ಟೆ ಮುಚ್ಚಿದ ಫಲಕ. ಒಳಗೆ ಹಿಡಿಸದಷ್ಟು ಜನ, ಉಳಿದವರು ಬೀದಿಯವರೆಗೂ. ಕಾರ್ಯದರ್ಶಿಗಳು, ಭಾಮೈದ, ಟೈಲರ್, ಗೈಡು ನಾಲ್ವರೂ ಸೇರಿ ಟೀಚರನ್ನು ಮರದ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದರು. ತಿರುವುಗಳಲ್ಲಿ ಕುರ್ಚಿ ವಾಲಿದಾಗ ಟೀಚರ್ ಎರಡೂ ಕೈಯಿಂದ ಹಿಡಿಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಅವರ ಸೀರೆಯ ನೆರಿಗೆ ಟೈಲರನ ಕಾಲಿಗೆ ಸಿಕ್ಕಿತು, ಅವರು ನಾಚಿ ಎಳೆದುಕೊಂಡರು. ಕೆಳಗಿನ ಜನ ಫೋಟೊ ತೆಗೆದರು. ಸಾವಿರಾರು ಮಕ್ಕಳನ್ನು ಒಂದು ನೋಟಕ್ಕೆ ಸುಮ್ಮನಾಗಿಸಿದ್ದ ಹೆಂಗಸನ್ನು ಸಾಮಾನಿನ ಹಾಗೆ ಇಳಿಸುತ್ತಿದ್ದೇವಲ್ಲ ಎಂದು ಕಾರ್ಯದರ್ಶಿಗಳಿಗೆ ಅಳು ಬಂತು.

ಅಧಿಕಾರಿ ಭಾಷಣ ಮಾಡಿದರು. ಗೈಡು ಯುದ್ಧದ ಬಗ್ಗೆ ಮಾತಾಡಿದ. ಈ ಸಲ ಯುದ್ಧದಲ್ಲಿ ಕುದುರೆಗಳೂ ಇದ್ದವು. ಆಮೇಲೆ ಅಧಿಕಾರಿ ಟೀಚರ ಕಡೆ ಬಾಗಿ, ಧ್ವನಿವರ್ಧಕ ಹಿಡಿದು ಕೇಳಿದರು.

"ಅಮ್ಮ, ಈ ಕಟ್ಟಡಕ್ಕೆ ಮೊದಲು ಬಂದವರು ನೀವು. ನೀವು ಬಂದಾಗ ಈ ಕಂಬ ಇಲ್ಲಿ ಇತ್ತಾ?"

ಟೀಚರ್ ಕಂಬವನ್ನು ನೋಡಿದರು. ಆಮೇಲೆ ಕಾರ್ಯದರ್ಶಿಗಳನ್ನು ನೋಡಿದರು. ಕಾರ್ಯದರ್ಶಿಗಳು ಬೆವರಿನಿಂದ ತೊಯ್ದು, ಹೇಳಿ, ಹೇಳಿಬಿಡಿ ಎಂದು ಕಣ್ಣಲ್ಲೇ ಬೇಡುತ್ತಿದ್ದರು. ಆದರೆ ಬೇಡುವ ಮುಖವೂ ಹೆದರಿದ ಮುಖವೂ ದೂರದಿಂದ ನೋಡಿದರೆ ಒಂದೇ ಥರ. ಟೀಚರಿಗೆ ಕಂಡಿದ್ದು ಹೆದರಿದ ಮುಖ.

"ಇತ್ತು" ಎಂದರು ಟೀಚರ್. "ನಾನು ಬರೋದಕ್ಕಿಂತ ಮೊದಲೇ ಇತ್ತು."

ಫಲಕದ ಬಟ್ಟೆ ಸರಿಯಿತು. ಚಪ್ಪಾಳೆಯೋ ಚಪ್ಪಾಳೆ. ಹೆಂಡತಿ ಕೂಡ ತಟ್ಟಲು ಕೈ ಎತ್ತಿದಳು, ಎತ್ತಿದ ಕೈಯನ್ನು ಹಾಗೇ ಕೆಳಗಿಳಿಸಿದಳು. ಕಾರ್ಯದರ್ಶಿಗಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ನೆಲ ಅಂಥ ಉಪಕಾರವನ್ನೇನೂ ಮಾಡಲಿಲ್ಲ.

"ಆಯಾಸ ಆಗ್ತಿದೆ, ನನ್ನನ್ನ ಮೇಲೆ ಬಿಟ್ಟುಬಿಡಿ" ಎಂದರು ಟೀಚರ್. ನಾಲ್ವರೂ ಮತ್ತೆ ಕುರ್ಚಿ ಎತ್ತಿದರು. ಮೊದಲ ತಿರುವಿನ ಹತ್ತಿರ ಟೀಚರ್ ಮೆಲ್ಲಗೆ, ತಮ್ಮ ಪಕ್ಕದಲ್ಲಿ ಹೆಗಲು ಕೊಟ್ಟಿದ್ದ ಕಾರ್ಯದರ್ಶಿಗಳಿಗೆ ಮಾತ್ರ ಕೇಳುವಂತೆ ಹೇಳಿದರು.

"ಎಲ್ಲರ ಮುಂದೆ ನಿನ್ನ ಮುಖ ಸಣ್ಣದಾಗೋದನ್ನ ನೋಡೋಕಾಗಲಿಲ್ಲಪ್ಪ. ಇಷ್ಟು ವರ್ಷ ತರಕಾರಿ ತಂದುಕೊಟ್ಟಿದೀಯ. ಇನ್ನು ನನ್ನನ್ನ ಇಳಿಸೋ ಯೋಚನೆ ಬೇಡ. ಗಾಜಿನಲ್ಲಿ ಕಾಣುತ್ತಲ್ಲ ಶಾಲೆ, ಅಷ್ಟು ಸಾಕು."

"ಇಳಿಸಿ" ಎಂದರು ಕಾರ್ಯದರ್ಶಿಗಳು.

"ಏನು?" ಎಂದ ಭಾಮೈದ, ಏದುಸಿರು ಬಿಡುತ್ತ.

"ಕುರ್ಚಿ ಇಳಿಸಿ. ಇಲ್ಲೇ. ಮೆಲ್ಲಗೆ."

ತಿರುವಿನ ಸಮತಟ್ಟಿನಲ್ಲಿ ಕುರ್ಚಿ ಕೂತಿತು. ಕಾರ್ಯದರ್ಶಿಗಳು ಮೆಟ್ಟಿಲು ಹಾರಿ ಇಳಿದರು. ಜೇಬಿಗೆ ಕೈ ಹಾಕಿದರು. ಸಿಕ್ಕಿದ್ದು ಕನ್ನಡಕದ ತಿರುಪು ಬಿಗಿಸುವ, ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್. ಅದನ್ನೇ ಎತ್ತಿ ಹಿಡಿದು ರಕ್ಷಿತ ಸ್ಮಾರಕಕ್ಕೆ ಚುಚ್ಚಿದರು.

"ಹಿಡಿಯಿರಿ ಅವರನ್ನ" ಎಂದರು ಅಧಿಕಾರಿ. ಯಾರೂ ಹಿಡಿಯಲಿಲ್ಲ, ಎಲ್ಲರೂ ಹಿಂದೆ ಸರಿದರು. ಅಷ್ಟು ಸಣ್ಣ ಆಯುಧ ಹಿಡಿದು ಅಷ್ಟು ದೊಡ್ಡ ಕೋಪದಲ್ಲಿದ್ದ ಮನುಷ್ಯನನ್ನು ಅವರು ನೋಡಿರಲಿಲ್ಲ. ಕಂಟ್ರಾಕ್ಟರು ಮೆತ್ತಿದ್ದ ಗಾರೆ ಎಂಥದಿತ್ತೆಂದರೆ ನಾಲ್ಕನೆಯ ಚುಚ್ಚಿಗೆ ಒಂದು ತಟ್ಟೆಯಷ್ಟು ಅಗಲ ಕಳಚಿ ಬಿತ್ತು. ಆಮೇಲೆ ಕಾರ್ಯದರ್ಶಿಗಳು ಉಗುರಿನಲ್ಲೇ ಎಳೆದರು. ಒಳಗಿಂದ ದುಂಡಗಿನ ಸಿಮೆಂಟಿನ ಪೈಪು ಮುಖ ತೋರಿಸಿತು.

ಮೊದಲು ಚೇತರಿಸಿಕೊಂಡವನು ಗೈಡು. ತಿರುವಿನಿಂದಲೇ ಬಗ್ಗಿ ನೋಡಿ, "ನೋಡಿ, ಆ ಕಾಲಕ್ಕೇ ಒಳಚರಂಡಿ ವ್ಯವಸ್ಥೆ ಇತ್ತು" ಎಂದ.

"ಅದ್ಭುತ" ಎಂದರು ಅಧಿಕಾರಿ.

ಟೈಲರ್ ಇಳಿದುಬಂದು, ಕಾಲರಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಪೈಪಿನ ಮೇಲಿದ್ದ ಮಾಸಿದ ಕೆಂಪು ಅಕ್ಷರಗಳನ್ನು ಗಟ್ಟಿಯಾಗಿ ಓದತೊಡಗಿದ. ಮೊದಲು ಪೈಪು ಕಾರ್ಖಾನೆಯ ಹೆಸರು. ಆಮೇಲೆ "ಚರಂಡಿ ಕೆಲಸಕ್ಕೆ ಮಾತ್ರ". ಕೊನೆಗೆ ಒಂದು ಫೋನ್ ನಂಬರು. ಅರ್ಧ ನಂಬರು ಓದುವಷ್ಟರಲ್ಲಿ ಅವನ ದನಿ ಉಡುಗಿತು.

"ನಾನು ಹೇಳಿದ್ದು ಸುಳ್ಳು" ಎಂದರು ಕಾರ್ಯದರ್ಶಿಗಳು, ಗಾರೆಯ ಪುಡಿ ಮೆತ್ತಿದ ಮುಖದಲ್ಲಿ. "ನಮ್ಮ ಕಟ್ಟಡದ ಮುಂದೆ ಯಾರೂ ನಿಲ್ಲಲ್ಲ ಅಂತ ಹೊಟ್ಟೆಕಿಚ್ಚಿಗೆ ಹೇಳಿದೆ. ಟೀಚರ್ ಹೇಳಿದ್ದು ನನ್ನನ್ನ ಉಳಿಸೋಕೆ. ಅವರದೇನೂ ತಪ್ಪಿಲ್ಲ."

ಆಮೇಲೆ ನಡೆದದ್ದನ್ನು ವಿವರವಾಗಿ ಹೇಳಿದರೆ ಕಾರ್ಯದರ್ಶಿಗಳಿಗೆ ಇನ್ನಷ್ಟು ನೋವಾಗುತ್ತದೆ. ಅಧಿಕಾರಿ ತಮಗೆ ಮೊದಲಿಂದಲೂ ಗುಮಾನಿ ಇತ್ತು ಎಂದು ಹೇಳಿ, ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಗೈಡು ಎಂದಿನ ದಾರಿ ಬಿಟ್ಟು ಮುಂದಿನ ಬೀದಿಯಿಂದ ಗುಂಪನ್ನು ಸುತ್ತಿಸತೊಡಗಿದ. ಕನ್ನಡಕದ ಅಂಗಡಿಯಲ್ಲಿ ಕಾರ್ಯದರ್ಶಿಗಳ ಕುರ್ಚಿ ಮತ್ತೆ ಹಿಂದಿನ ಮೇಜಿಗೆ ಹೋಯಿತು. ಭಾಮೈದನಿಗೆ ಬೀದಿ ದಾಟಲು ಪುರುಸೊತ್ತಿಲ್ಲದಂತಾಯಿತು. ಮಕ್ಕಳು ಅವರನ್ನು ಕಂಡರೆ "ಪೈಪು ಬಂತು" ಎಂದು ಪಿಸುಗುಟ್ಟುತ್ತಿದ್ದರು. ಸಂಘದವರು ಸಭೆ ಸೇರಿ ಕಾರ್ಯದರ್ಶಿಯ ಹುದ್ದೆಯನ್ನು ಟೈಲರಿಗೆ ಕೊಟ್ಟರು. ಹೆಂಡತಿ ಮಾತ್ರ ಅಂದು ಸಂಜೆ ಅವರ ಉಗುರಿನ ಸಂದಿಯ ಗಾರೆಯನ್ನು ಬಿಸಿನೀರಿನಲ್ಲಿ ತೊಳೆದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಲಿಫ್ಟಿನವನು ಬಂದು ಕಂಬವನ್ನು ಕೆಡವಿ ಕೆಲಸ ಶುರುಮಾಡಿದ. ಕಾರ್ಯದರ್ಶಿಗಳಿಗೆ, ಅಂದರೆ ಮಾಜಿ ಕಾರ್ಯದರ್ಶಿಗಳಿಗೆ, ಟೀಚರ ಮುಖ ನೋಡುವ ಧೈರ್ಯ ಬರಲಿಲ್ಲ. ತರಕಾರಿ ಚೀಲವನ್ನು ಅವರ ಬಾಗಿಲ ಹಿಡಿಗೆ ನೇತುಹಾಕಿ, ಗಂಟೆ ಒತ್ತಿ, ಬಾಗಿಲು ತೆರೆಯುವ ಮುಂಚೆ ಮಾಯವಾಗುತ್ತಿದ್ದರು. ಆ ವಯಸ್ಸಿನಲ್ಲಿ, ಆ ಹೊಟ್ಟೆಯಲ್ಲಿ, ಅಷ್ಟು ವೇಗವಾಗಿ ಮೆಟ್ಟಿಲಿಳಿಯುವುದು ಸುಲಭವಲ್ಲ.

ಲಿಫ್ಟು ಶುರುವಾದ ಬೆಳಿಗ್ಗೆ ಅವರು ಹಾಗೇ ಗಂಟೆ ಒತ್ತಿ ಓಡಿ ಕೆಳಗೆ ಬರುವಷ್ಟರಲ್ಲಿ, ಲಿಫ್ಟಿನ ಬಾಗಿಲು ಸರಿದು ಟೀಚರ್ ಅಲ್ಲೇ ನಿಂತಿದ್ದರು. ಕೈಯಲ್ಲಿ ಊರುಗೋಲು, ಕಾಲಿಗೆ ಹೊಸ ಚಪ್ಪಲಿ.

"ಓಡಿ ಎಲ್ಲಿಗೆ ಹೋಗ್ತೀಯ? ಬಾ ನನ್ನ ಜೊತೆ."

ಟೀಚರ್ ಬಾ ಎಂದರೆ ಬರಲೇಬೇಕು. ಕಾರ್ಯದರ್ಶಿಗಳು ತಲೆ ತಗ್ಗಿಸಿಕೊಂಡು ಹಿಂದೆ ನಡೆದರು. ಟೀಚರ್ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಒಂದೊಂದೇ ಹೆಜ್ಜೆ ಇಡುತ್ತ ಶಾಲೆಯ ಮುಂದಕ್ಕೆ ಬಂದರು. ಕಲ್ಲಿನ ಮೇಲೆ ಅಂಗೈ ಇಟ್ಟರು. ಬಾಗಿಲ ಕಮಾನಿನ ಕೆಳಗೆ, ಎಡಗಡೆ ಗೋಡೆಯ ಹತ್ತಿರದ ಒಂದು ಜಾಗವನ್ನು ಊರುಗೋಲಿನಿಂದ ತೋರಿಸಿದರು.

"ಸುಳ್ಳು ಹೇಳಿದ ಮಕ್ಕಳನ್ನ ನಾನು ಅಲ್ಲಿ ನಿಲ್ಲಿಸ್ತಿದ್ದೆ. ಹೋಗಿ ನಿಲ್ಲು."

ಕಾರ್ಯದರ್ಶಿಗಳು ಹೋಗಿ ನಿಂತರು. ಬೀದಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡಿದರು. ಎದುರಿನ ಬ್ಯಾಂಕಿನ ಕಾವಲುಗಾರ ಬಾಗಿಲು ಬಿಟ್ಟು ಹೊರಗೆ ಬಂದ. ಕಾರ್ಯದರ್ಶಿಗಳಿಗೆ ಕಿವಿಯವರೆಗೂ ಬಿಸಿಯೇರಿತು, ಆದರೆ ಎಷ್ಟೋ ದಿನಗಳ ಮೇಲೆ ಮೊದಲ ಬಾರಿಗೆ ಓಡಿಹೋಗಬೇಕು ಅನ್ನಿಸಲಿಲ್ಲ. ಹೀಗೆ ನಿಲ್ಲಿಸುವವರು ಒಬ್ಬರು ಬೇಕಾಗಿತ್ತು ಎಂದು ಅವರಿಗೆ ಆಗ ತಿಳಿಯಿತು.

ಅಷ್ಟರಲ್ಲಿ ಊರುಗೋಲಿನ ಸದ್ದು ಹತ್ತಿರ ಬಂತು. ಟೀಚರ್ ನಿಧಾನವಾಗಿ ನಡೆದುಬಂದು, ಗೋಡೆಗೆ ಬೆನ್ನು ಕೊಟ್ಟು, ಅವರ ಪಕ್ಕದಲ್ಲೇ ನಿಂತರು.

"ನೀವು ಯಾಕೆ ಟೀಚರ್?"

"ನಾನೂ ಹೇಳಿದೆನಲ್ಲಪ್ಪ. ಅಷ್ಟು ಜನರ ಮುಂದೆ."

ಕಾರ್ಯದರ್ಶಿಗಳು ಕೈ ಚಾಚಿದರು, ಟೀಚರ್ ಮಂಡಿಯ ಭಾರವನ್ನು ಆ ಕೈಯ ಮೇಲೆ ಬಿಟ್ಟರು. ಇಬ್ಬರೂ ಬೀದಿಗೆ ಮುಖ ಮಾಡಿ ನಿಂತರು.

"ಎಷ್ಟು ಹೊತ್ತು ನಿಲ್ಲಬೇಕು ಟೀಚರ್?"

"ಗಂಟೆ ಹೊಡೆಯೋ ತನಕ."

ಆ ಕಟ್ಟಡದಲ್ಲಿ ಗಂಟೆ ಹೊಡೆಯುವುದು ನಿಂತು ಎಷ್ಟೋ ಕಾಲವಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು.